ಕೊಳಲಿದ್ದ ಜಾಗದಲ್ಲಿ

ಗುರುವಾರವೆಂದರೆ ರೇಯೊನ ಮನೆಯಲ್ಲಿ ಬಟಾಣಿ ಸೂಪು, ಅದರ ಹಿಂದೆ ಜಾಮು ಸವರಿದ ದಪ್ಪ ಪ್ಯಾನ್‌ಕೇಕು. ಉಂಡಾದ ಮೇಲೆ ಪಾತ್ರೆ ತೊಳೆದಿಟ್ಟು, ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದುಕೊಂಡು ಅವನು ಕೊಟ್ಕಾ ಊರಿನ ಗ್ರಂಥಾಲಯಕ್ಕೆ ಹೊರಡುತ್ತಿದ್ದ. ಎಷ್ಟೋ ವರ್ಷಗಳ ರೂಢಿ ಅದು. ಹಿಂದೆಲ್ಲ ಗುರುವಾರಕ್ಕೆಂದೇ ಉಳಿದ ದಿನಗಳನ್ನು ದೂಡುತ್ತಿದ್ದವನು, ಈ ನವೆಂಬರಿನಲ್ಲಿ ಬೂಟಿಗೆ ಕಾಲು ತೂರಿಸುವುದಕ್ಕೂ ಬಾಗಿಲ ಬಳಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗಿತ್ತು.

"ಹೋಗ್ಲೇಬೇಕಾ?" ಹೆಂಡತಿ ಸಿರ್ಕ ಅವನ ಮುಖದೆದುರಿಗೆ ಬಂದು ನಿಂತು ಕೇಳಿದಳು. ಬೆನ್ನ ಹಿಂದಿನಿಂದ ಮಾತಾಡಿಸುವುದನ್ನು ಅವಳು ಬಿಟ್ಟು ಬಹಳ ದಿನವಾಗಿತ್ತು.

"ಹೋಗ್ದೆ ಇದ್ರೆ ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ."

"ಕೇಳಿದ್ರೆ ಹೇಳು."

"ಹೇಳಿದ್ಮೇಲೆ ಅಲ್ಲಿ ನಂಗೇನ್ ಕೆಲ್ಸ ಇರುತ್ತೆ, ಸಿರ್ಕ? ಕಾಫಿ ಕುಡಿಯೋಕೆ ಅಷ್ಟು ದೂರ ಹೋಗ್ಬೇಕಾ?"

ರೇಯೊನ ಕಿವಿ ಹೋಗುತ್ತಿತ್ತು. ಒಂದೇ ಸಲಕ್ಕೆ ಹೋಗಲಿಲ್ಲ, ಬಾಡಿಗೆಯವರು ಒಬ್ಬೊಬ್ಬರಾಗಿ ಬಿಟ್ಟುಹೋಗುವ ಕಟ್ಟಡದ ಹಾಗೆ ಮೇಲಿನ ಮಹಡಿಯಿಂದ ಖಾಲಿಯಾಗುತ್ತ ಬಂತು. ಮೊದಲು ಹಕ್ಕಿಗಳು ಹೋದವು. ಆಮೇಲೆ ಒಲೆಯ ಗಡಿಯಾರದ ಕೀಚಲು, ಮೊಮ್ಮಗಳ ನಗು, ಕೊಳಲು, ಪಿಟೀಲು. ಕೆಳಗಿನ ಮಹಡಿ ಇನ್ನೂ ಗಟ್ಟಿಯಾಗಿತ್ತು. ಬಂದರಿನ ಹಡಗಿನ ಕೂಗು, ಮರದ ದಿಮ್ಮಿ ಹೊತ್ತ ಲಾರಿ, ನಗಾರಿ, ಆಳುದ್ದದ ದೊಡ್ಡ ಪಿಟೀಲುಗಳ ಗೊರಗೊರ, ಇವೆಲ್ಲ ಅವನಿಗೆ ಸರಿಯಾಗಿಯೇ ಕೇಳುತ್ತಿದ್ದವು. ಆಸ್ಪತ್ರೆಯವರು ಎರಡೂ ಕಿವಿಗೆ ಪುಟ್ಟ ಯಂತ್ರ ಕೊಟ್ಟಿದ್ದರು. ಅದು ಮಾತಿಗೆ ಆಗುತ್ತಿತ್ತು, ಸಂಗೀತಕ್ಕೆ ಆಗಿಬರುತ್ತಿರಲಿಲ್ಲ. ಯಂತ್ರವಿದ್ದರೆ ಪಿಟೀಲುಗಳೆಲ್ಲ ಸೇರಿ ತಗಡಿನ ಡಬ್ಬಿಯಲ್ಲಿ ಚಮಚ ಅಲ್ಲಾಡಿಸಿದಂತೆ ಕೇಳುತ್ತಿದ್ದವು. ಯಂತ್ರ ಆರಿಸಿದರೆ ಪಿಟೀಲುಗಳೇ ಇರುತ್ತಿರಲಿಲ್ಲ.

ಮಾತಿಗೂ ಅದು ಪುಕ್ಕಟೆಯಾಗಿ ಆಗುತ್ತಿರಲಿಲ್ಲ. ಅಂಗಡಿಯ ಹುಡುಗಿ ಏನೋ ಕೇಳಿದರೆ ಅರ್ಧ ಕೇಳಿಸಿಕೊಂಡು, ಅರ್ಧ ಊಹಿಸಿ, ಎರಡನ್ನೂ ಹೊಲಿದು, ಉತ್ತರ ತಪ್ಪಾದರೂ ಬೇಸರವಾಗದಿರಲೆಂದು ಒಂದು ನಗೆಯನ್ನೂ ಸೇರಿಸಿ ಕೊಡಬೇಕು. ಇಡೀ ದಿನ ಹೀಗೆ ಹೊಲಿದು ಹೊಲಿದು ಸಂಜೆಯ ಹೊತ್ತಿಗೆ ಅವನಿಗೆ ದವಡೆ ನೋಯುತ್ತಿತ್ತು. ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗಲೂ ಇಷ್ಟು ದಣಿವು ಕಂಡವನಲ್ಲ.

ಕಿವಿ ಹೋದದ್ದು ಆ ಕಾರ್ಖಾನೆಯಲ್ಲೇ. ಶಾಲೆ ಬಿಟ್ಟ ವರ್ಷ ಸೇರಿದವನು ನಿವೃತ್ತಿಯ ತನಕ ಅಲ್ಲಿಯೇ ಇದ್ದ. ರೈಲಿನಷ್ಟು ಉದ್ದದ ಯಂತ್ರ. ಒಂದು ತುದಿಯಲ್ಲಿ ಗಂಜಿಯಂಥ ನೀರು ಸುರಿದರೆ ಇನ್ನೊಂದು ತುದಿಯಲ್ಲಿ ಬಿಳಿ ಕಾಗದ ಸುತ್ತಿಕೊಂಡು ಹೊರಗೆ ಬರುತ್ತಿತ್ತು. ಅದರ ಗದ್ದಲಕ್ಕೆ ಎಲ್ಲರಿಗೂ ಕಿವಿ ಮುಚ್ಚಿಕೊಳ್ಳಲು ಚಿಪ್ಪು ಕೊಟ್ಟಿದ್ದರು. ರೇಯೊ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತಿದ್ದ. ಕಾಗದ ಹರಿಯುವ ಮೊದಲು ಉರುಳೆಯ ಸದ್ದು ಒಂದಿಷ್ಟು ಬದಲಾಗುತ್ತದೆ, ಚಿಪ್ಪು ಹಾಕಿಕೊಂಡರೆ ಅದು ಕೇಳುವುದಿಲ್ಲ ಎನ್ನುವುದು ಅವನ ವಾದ. ಅವನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಪೆಂತ್ತಿ ಪ್ರತಿ ಪಾಳಿಯಲ್ಲೂ ಅವನ ಹೆಗಲು ತಟ್ಟಿ, ತನ್ನ ಕಿವಿ ತೋರಿಸಿ, ಹಾಕ್ಕೋ ಎಂದು ಸನ್ನೆ ಮಾಡುತ್ತಿದ್ದ. ರೇಯೊ ನಾಲಗೆ ಹೊರಚಾಚಿ ಅಣಕಿಸುತ್ತಿದ್ದ.

ಸಿನಿಮಾ ಸಂಗೀತದ ಹುಚ್ಚು ಹಿಡಿದದ್ದು ನಿದ್ದೆಯಿಂದ. ರಾತ್ರಿ ಪಾಳಿ ಮುಗಿಸಿ, ಒಂಟಿ ಕೋಣೆಯ ಚಳಿಗೆ ಹಿಂದಿರುಗಲು ಮನಸ್ಸಿಲ್ಲದೆ, ಅವನು ಊರಿನ ಚಿತ್ರಮಂದಿರದ ಮೊದಲ ಆಟಕ್ಕೆ ಹೋಗಿ ಕೂರುತ್ತಿದ್ದ. ಒಳಗೆ ಬೆಚ್ಚಗಿರುತ್ತಿತ್ತು, ಕುರ್ಚಿ ಮೆತ್ತಗಿರುತ್ತಿತ್ತು. ಹೆಸರುಗಳು ಮುಗಿಯುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಚಿತ್ರ ಅವನ ಹೊರಗೆ ನಡೆಯುತ್ತಿತ್ತು, ಸಂಗೀತ ಮಾತ್ರ ಒಳಗೆ ಇಳಿಯುತ್ತಿತ್ತು. ಯಾರು ಯಾರನ್ನು ಕೊಂದರು, ಯಾರಿಗೆ ಯಾರು ಸಿಕ್ಕರು ಎನ್ನುವುದು ಗೊತ್ತಾಗದೆಯೇ ಎದ್ದು ಹೊರಗೆ ಬರುವವನಿಗೆ ಎದೆ ಮಾತ್ರ ಯಾಕೋ ಭಾರವಾಗಿರುತ್ತಿತ್ತು. ತಾನು ಏನನ್ನು ಕಳೆದುಕೊಂಡೆ ಎಂದು ತಿಳಿಯಲು ಆ ಸಂಗೀತದ ರೆಕಾರ್ಡು ಕೊಂಡು ತಂದ. ಮೊದಲು ತಂದದ್ದು ಒಬ್ಬ ದೀಪಸ್ತಂಭದ ಕಾವಲುಗಾರನ ಚಿತ್ರದ್ದು. ಆಮೇಲೆ ಒಂದರ ಹಿಂದೆ ಒಂದು. ಆಟ ಮುಗಿದ ಮೇಲೆ ಅವನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದವಳು ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿ. ಅವಳೇ ಸಿರ್ಕ. ಮದುವೆಯಾದ ಮೇಲೆ ಅವಳು ನೆಂಟರೆದುರು, "ಇವ್ನಷ್ಟು ಸಿನಿಮಾಕ್ಕೆ ಬಂದೋರೂ ಇಲ್ಲ, ಇವ್ನಷ್ಟು ಕಮ್ಮಿ ಸಿನಿಮಾ ನೋಡಿದೋರೂ ಇಲ್ಲ," ಎನ್ನುತ್ತಿದ್ದಳು.

ಗ್ರಂಥಾಲಯದ ಸಂಗೀತ ವಿಭಾಗದ ಹಿಂದೆ ಗಾಜಿನ ಬಾಗಿಲಿನ ಒಂದು ಕೋಣೆಯಿದೆ. ಗುರುವಾರ ಸಂಜೆ ಅದು ಇವರದ್ದು. ಒಬ್ಬೊಬ್ಬರೂ ಆ ವಾರ ನಿಜವಾಗಿ ತಾವು ಕೇಳುತ್ತಿರುವುದರಲ್ಲಿ ಒಂದನ್ನು ತಂದು ಹಾಕಬೇಕು. ಯಾವ ಚಿತ್ರ, ಯಾರ ಸಂಗೀತ ಎಂದು ಮೊದಲೇ ಹೇಳುವಂತಿಲ್ಲ. ಮುಗಿಯುವ ತನಕ ಯಾರೂ ಪಿಟಕ್ಕೆನ್ನುವಂತಿಲ್ಲ. ಮುಗಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ತಮಗೆ ಕೇಳಿದ್ದೇನೆಂದು ಹೇಳಬೇಕು. ಕಥೆ ಹೇಳಕೂಡದು, ಕೇಳಿದ್ದನ್ನಷ್ಟೇ ಹೇಳಬೇಕು. ಬಸ್ಸು ಓಡಿಸಿ ನಿವೃತ್ತಳಾದ ಅನ್ನೇಲಿಗೆ ಇದೊಂದು ಶಿಕ್ಷೆ. ಅವಳು ಚಿತ್ರಗಳನ್ನೆಲ್ಲ ನೋಡಿದವಳು, ಕಥೆ ಹೇಳದೆ ಇರಲಾರದೆ ಏಲಕ್ಕಿ ಬನ್ನನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದಳು. ಚಿಕ್ಕವಳೆಂದರೆ ವೀವಿ. ಶಿಶುವಿಹಾರದಲ್ಲಿ ಕೆಲಸ, ಈಗ ಹೆರಿಗೆ ರಜೆ. ಮಗು ಸೀರಿಯನ್ನು ಗಾಡಿಯಲ್ಲಿ ತಳ್ಳಿಕೊಂಡೇ ಬರುತ್ತಿದ್ದಳು. ಉಳಿದವರು ಪೆಂತ್ತಿ ಮತ್ತು ರೇಯೊ.

ಆ ಕೋಣೆಯಲ್ಲಿ ರೇಯೊನಿಗೆ ಒಂದು ಸ್ಥಾನವಿತ್ತು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಕೊನೆಯಲ್ಲಿ ಅವನ ಕಡೆ ತಿರುಗುತ್ತಿದ್ದರು. ವಾದ್ಯದವನ ಕುರ್ಚಿ ಕಿರ್ರೆಂದದ್ದು, ಮೂರನೆಯ ಪಿಟೀಲಿನವನು ಒಂದೆಳೆ ತಡವಾಗಿ ಹಿಡಿದದ್ದು, ದೂರದಲ್ಲಿ ಯಾರೋ ಹಾಳೆ ತಿರುವಿದ್ದು ಅವನಿಗೆ ಕೇಳುತ್ತಿತ್ತು. ಬದುಕಿನಲ್ಲಿ ಯಾರಾದರೂ ಅವನ ಅಭಿಪ್ರಾಯಕ್ಕೆ ಕಾದು ಕೂತದ್ದು ಆ ಕೋಣೆಯಲ್ಲಿ ಮಾತ್ರ. ಅದನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ.

ಹಾಗಾಗಿ ಈ ವರ್ಷವೆಲ್ಲ ಟೋಪಿ. ಸಂಗೀತ ಶುರುವಾದೊಡನೆ ತಲೆ ತುರಿಸಿಕೊಳ್ಳುವ ನೆಪದಲ್ಲಿ ಟೋಪಿಯೊಳಗೆ ಬೆರಳು ತೂರಿಸಿ ಯಂತ್ರ ಆರಿಸುವುದು, ಮುಗಿದೊಡನೆ ಮತ್ತೆ ತುರಿಸಿಕೊಳ್ಳುವುದು.

"ತಲೆ ಮೇಲೆ ಮೊಟ್ಟೆ ಇಟ್ಕೊಂಡು ಕಾವು ಕೊಡ್ತಿದೀಯೇನೋ? ತೆಗಿಯೋ ಆ ಟೋಪಿನ, ನೋಡೋರಿಗೇ ಸೆಕೆ ಆಗುತ್ತೆ," ಎನ್ನುತ್ತಿದ್ದಳು ಅನ್ನೇಲಿ.

"ಕೂದ್ಲು ಉದುರ್ತಿದೆ. ಇರೋದನ್ನಾದ್ರೂ ಕಾಪಾಡ್ಕೋಬೇಕಲ್ಲ."

ತನ್ನ ಸರದಿಗೆ ಬಾಯಿಪಾಠವಾದ ಹಳೆಯವನ್ನೇ ತರುತ್ತಿದ್ದ. ಬೇರೆಯವರದಕ್ಕೆ ನಗಾರಿಯ ಬಗ್ಗೆ, ಕೆಳದನಿಯ ತಂತಿಗಳ ಬಗ್ಗೆ ನಾಲ್ಕು ಮಾತಾಡಿ ಪಾರಾಗುತ್ತಿದ್ದ. "ಈಗೀಗ ನಿಂಗೆ ಎಲ್ಲಾ ತಳದ್ದೇ ಚೆಂದ ನೋಡು, ಸೂಪಿನ ಥರ," ಎಂದು ಅನ್ನೇಲಿ ಒಮ್ಮೆ ಅಂದಾಗ ಎಲ್ಲರ ಜೊತೆ ಅವನೂ ನಕ್ಕಿದ್ದ.

ಆ ಗುರುವಾರ ಪೆಂತ್ತಿ ಬಾಗಿಲಲ್ಲೇ ಕಾದಿದ್ದ. ಕೋಟಿನೊಳಗೆ ಏನನ್ನೋ ಅವುಚಿಕೊಂಡು, ಹಬ್ಬದ ಹಿಂದಿನ ದಿನದ ಮಕ್ಕಳಂತೆ ಕಾಲು ಬದಲಿಸುತ್ತಿದ್ದ. ಮಾತು ಕಡಿಮೆಯ ಆಸಾಮಿ, ಮುಖದಲ್ಲಿ ಏನೂ ಕಾಣಿಸದಂತೆ ಬದುಕಿದವನು. ಅವತ್ತು ಮಾತ್ರ ಮುಖ ತುಂಬಿ ತುಳುಕುತ್ತಿತ್ತು.

"ಮೊದ್ಲು ನಂದು. ಯಾರೂ ಜಗಳ ಆಡ್ಬೇಡಿ."

"ಯಾರಪ್ಪಾ ಜಗಳ ಆಡ್ತಿರೋದು? ಹಾಕು," ಎಂದಳು ಅನ್ನೇಲಿ.

ರೆಕಾರ್ಡು ತಿರುಗಿತು. ಮೊದಲ ಗೊರಗೊರ ಎದ್ದೊಡನೆಯೇ ರೇಯೊನಿಗೆ ತಿಳಿಯಿತು. ದೀಪಸ್ತಂಭ! ಮೆಟ್ಟಿಲು ಹತ್ತುವ ಆ ಭಾರದ ಹೆಜ್ಜೆಗಳು, ದೊಡ್ಡ ಪಿಟೀಲುಗಳದ್ದು. ಅವನಿಗೆ ಅಳು ಬರುವಷ್ಟು ನಿರಾಳವಾಯಿತು. ಇವತ್ತು ಊಹಿಸಬೇಕಾಗಿಲ್ಲ, ಹೊಲಿಯಬೇಕಾಗಿಲ್ಲ. ಟೋಪಿಯೊಳಗೆ ಕೈ ಹಾಕಿ ಯಂತ್ರ ಆರಿಸಿ, ಕಣ್ಣು ಮುಚ್ಚಿ, ಕುರ್ಚಿಗೆ ಒರಗಿದ. ಕೆಳಗಿನಿಂದ ನೆಲದ ಮೂಲಕ ಅಷ್ಟಿಷ್ಟು ಸದ್ದು ಬರುತ್ತಿತ್ತು, ಉಳಿದದ್ದನ್ನು ತಲೆ ತಾನೇ ನುಡಿಸಿಕೊಂಡಿತು. ಪಿಟೀಲುಗಳು ಗಾಳಿಯಂತೆ ಬಂದವು. ಅಲೆ ಎದ್ದಿತು. ಆಮೇಲೆ ಎಲ್ಲವೂ ಒಮ್ಮೆಗೇ ನಿಲ್ಲುವ ಆ ಜಾಗ, ಬೆತ್ತಲೆ ಮೌನ, ಕೊಳಲಿನವನು ಉಸಿರೆಳೆದುಕೊಳ್ಳುವ ಸದ್ದು, ಒಂಟಿ ಕೊಳಲು. ಕೆಳಗಿನ ಸದ್ದು ನಿಂತ ಕ್ಷಣಕ್ಕೆ ಸರಿಯಾಗಿ ರೇಯೊ ತೋರುಬೆರಳನ್ನು ಮೇಲಕ್ಕೆತ್ತಿದ. ಇಡೀ ಕೊಳಲು ಮುಗಿಯುವ ತನಕ ಬೆರಳನ್ನು ಹಾಗೆಯೇ ಗಾಳಿಯಲ್ಲಿ ಆಡಿಸಿದ. ಕಣ್ಣಿನ ಕೊನೆಯಲ್ಲಿ ನೀರು ಬಂತು.

ಕಣ್ಣು ತೆರೆದಾಗ ಮೂವರೂ ಅವನನ್ನೇ ನೋಡುತ್ತಿದ್ದರು. ತಲೆ ತುರಿಸಿಕೊಂಡ. ಹೇಳಬೇಕಾದವರ ಸರದಿಗೂ ಕಾಯದೆ ಮಾತು ತಾನಾಗಿ ಹೊರಬಿತ್ತು.

"ಎಷ್ಟು ಸಲ ಕೇಳಿದ್ರೂ ಅಷ್ಟೆ, ಮಾರಾಯ. ಆ ಕೊಳಲಿನವ್ನು ಉಸಿರು ತಗೋತಾನಲ್ಲ, ಅದೊಂದಕ್ಕೇ ಇಡೀ ಸಿನಿಮಾ ಕೊಟ್ಬಿಡ್ಬೋದು. ಕೊಳಲು ಅಂದ್ರೆ ಅದು."

ವೀವಿ ತಲೆ ತಗ್ಗಿಸಿ ಮಗುವಿನ ಹೊದಿಕೆ ಸರಿಮಾಡತೊಡಗಿದಳು.

"ಯಾವ ಕೊಳಲು?" ಎಂದಳು ಅನ್ನೇಲಿ.

ಪೆಂತ್ತಿಯ ಮುಖ ನಿಧಾನವಾಗಿ ಮೊದಲಿನಂತೆ ಮುಚ್ಚಿಕೊಂಡಿತು. "ಕೊಳಲು ಇಲ್ಲ ಇದ್ರಲ್ಲಿ," ಎಂದ. "ಹೆಂಗಸು ಹಾಡಿರೋದು."

ಅವನು ವಿವರಿಸಿದ, ರೇಯೊನನ್ನು ನೋಡದೆ, ರೆಕಾರ್ಡಿನ ಹೊದಿಕೆಗೆ ಹೇಳುವವನಂತೆ. ಸಂಗೀತ ಬರೆದಾತ ಆ ಜಾಗಕ್ಕೆ ಮೊದಲು ಹೆಣ್ಣಿನ ದನಿಯನ್ನು ಬರೆದಿದ್ದನಂತೆ, ಮಾತಿಲ್ಲದ ಬರಿಯ ದನಿ. ಚಿತ್ರದವರಿಗೆ ಹಿಡಿಸದೆ ಕೊಳಲು ಹಾಕಿಸಿದರಂತೆ. ಮೊದಲಿನ ಬರಹ ಈಗ ಸಿಕ್ಕಿ, ಯಾರೋ ಪುಣ್ಯಾತ್ಮರು ಹೊಸದಾಗಿ ನುಡಿಸಿ ಕೆಲವೇ ಪ್ರತಿ ಹೊರತಂದಿದ್ದರು. "ವಸಂತದಿಂದ ಕಾದು ತರ್ಸಿದೀನಿ. ನಿಂಗೆ ಕೇಳಿಸ್ಬೇಕು ಅಂತ. ನಾನೂ ಕೇಳಿರ್ಲಿಲ್ಲ, ನಿನ್ ಜೊತೇಲೇ ಕೇಳೋಣ ಅಂತ ಸುತ್ತಿದ ಕಾಗದಾನೂ ಬಿಚ್ಚಿರ್ಲಿಲ್ಲ."

ರೇಯೊನ ಕಿವಿಯೊಳಗೆ ಯಂತ್ರ ಸುಮ್ಮನೆ ಸುಯ್ಯೆನ್ನುತ್ತಿತ್ತು. ಹೇಳುವುದಿದ್ದರೆ ಅದೇ ಹೊತ್ತು. ಆದರೆ ಹೇಳಿದ್ದು ಇನ್ನೇನನ್ನೋ.

"ನಿದ್ದೆ ಹತ್ಬಿಡ್ತು ಕಣೋ. ಸೂಪು ಜಾಸ್ತಿ ಆಯ್ತು."

"ಬೆರಳೆತ್ಕೊಂಡು ನಿದ್ದೆ ಮಾಡ್ತಿದ್ಯಾ?"

"ಅದೇನೋ... ಅರೆನಿದ್ದೆ."

"ಸರಿ," ಎಂದ ಪೆಂತ್ತಿ. ರೆಕಾರ್ಡನ್ನು ಹೊದಿಕೆಗೆ ಸೇರಿಸಿ, ಹೊದಿಕೆಯನ್ನು ಚೀಲಕ್ಕೆ ಸೇರಿಸಿ, ಕೋಟು ತೊಟ್ಟ. ಅನ್ನೇಲಿ ಅವನಿಗೆಂದು ಬಗ್ಗಿಸಿದ್ದ ಕಾಫಿಯನ್ನು ಮುಟ್ಟದೆ ಹೊರಟುಹೋದ. ಆ ಕೋಣೆಯಲ್ಲಿ ಕಾಫಿ ಬಿಟ್ಟು ಎದ್ದವರನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ರೇಯೊ ಎರಡು ಸಲ ಫೋನು ಮಾಡಿದ. ಪೆಂತ್ತಿ ಎತ್ತಲಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತೆಂದು ಅನ್ನಿಸಿದ್ದೂ ಸುಳ್ಳಲ್ಲ, ಫೋನಿನ ಮಾತು ಅವನಿಗೆ ಎಲ್ಲಕ್ಕಿಂತ ಕಷ್ಟ. ಹಗಲು ಹೆಚ್ಚಾಗಿ ಸೋಫಾದ ಮೇಲೆ ಬಿದ್ದಿರುತ್ತಿದ್ದ. ಮಧ್ಯಾಹ್ನ ಕಳೆದು ಕಾಫಿ ಕುಡಿಯುವ ಹೊತ್ತಿಗೇ ಕಿಟಕಿ ಕಪ್ಪಾಗುತ್ತಿತ್ತು. ಸಿರ್ಕ ಬಂದು ಅವನ ಕಾಲ ಬಳಿ ಕೂತು ಮೊಮ್ಮಗಳ ಕಾಲುಚೀಲಕ್ಕೆ ತೇಪೆ ಹಾಕುತ್ತಿದ್ದಳು.

"ನಿದ್ದೆ ಬಂತು ಅಂದ್ರೆ ಏನರ್ಥ ಗೊತ್ತಾ ಅವ್ನಿಗೆ?" ಎಂದಳು ಒಮ್ಮೆ, ದಾರ ಕಡಿಯುತ್ತ, ಅವನ ಕಡೆ ಮುಖ ಮಾಡಿ. "ನೀನ್ ತಂದಿದ್ದು ನಂಗೆ ಬೇಡ ಅಂತ."

"ನಂಗೂ ಗೊತ್ತು ಅದು."

"ಮತ್ತೆ?"

"ಕಿವುಡ ಅನ್ನೋದ್ಕಿಂತ ಒರಟ ಅಂದ್ಕೊಂಡ್ರೆ ವಾಸಿ ಅನ್ನಿಸ್ತು."

ಸಿರ್ಕ ಕಾಲುಚೀಲವನ್ನು ಕೈಗೆ ಹಾಕಿಕೊಂಡು ತೇಪೆ ಸರಿಯಾಗಿದೆಯೇ ನೋಡಿದಳು. "ಅವ್ನಿಗೆ ಅದು ವಾಸಿ ಅನ್ಸಿಲ್ವಲ್ಲ," ಎಂದು ಎದ್ದು ಒಳಗೆ ಹೋದಳು.

ಯಂತ್ರದ ಬ್ಯಾಟರಿ ಮುಗಿಯುತ್ತ ಬಂದು ಔಷಧಿ ಅಂಗಡಿಗೆ ಹೋದಾಗ ವೀವಿ ಸಿಕ್ಕಳು. ಕಣ್ಣಿನ ಕೆಳಗೆ ಕಪ್ಪು, ಕೂದಲು ಬಾಚಿರಲಿಲ್ಲ, ಒಂದು ಕೈಯಲ್ಲಿ ಸೀರಿಯನ್ನು ಸೊಂಟಕ್ಕೇರಿಸಿ ಇನ್ನೊಂದು ಕೈಯಲ್ಲಿ ಮಗುವಿನ ಕಿವಿಗೆ ಹಾಕುವ ಹನಿಯ ಸೀಸೆ ಹಿಡಿದಿದ್ದಳು. ರೇಯೊನ ಮುಷ್ಟಿಯಲ್ಲಿದ್ದ ಬ್ಯಾಟರಿ ಪೊಟ್ಟಣವನ್ನು ನೋಡಿದಳು. ಅವನು ಜೇಬಿಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು.

"ಇರ್ಲಿ ಬಿಡು ರೇಯೊ, ಗೊತ್ತು ನಂಗೆ," ಎಂದಳು.

"ಏನ್ ಗೊತ್ತು?"

"ಕಳೆದ ತಿಂಗ್ಳು ಇವ್ಳು ಅಲ್ಲಿ ಒಂದ್ಸಲ ಕಿಟಾರ್ ಅಂತ ಕಿರುಚಿದ್ಲಲ್ಲ? ಸಂಗೀತದ ಮಧ್ಯೆ? ಅನ್ನೇಲಿ ಬನ್ನು ಬೀಳ್ಸಿದ್ಲು, ಪೆಂತ್ತಿ ಹಾರಿಬಿದ್ದ. ನೀನೊಬ್ನೇ ಕಣ್ಣು ಮುಚ್ಕೊಂಡು ತಲೆ ಆಡಿಸ್ತಾ ಇದ್ದೆ." ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಾನ್ ಯಾರ್ಗೂ ಹೇಳಿಲ್ಲ. ಸಂಗೀತಕ್ಕೆ ಅಂತ ಮಿಷನ್ನ ಬೇರೆ ಥರ ಹೊಂದಿಸಿಕೊಡ್ತಾರಂತಲ್ಲ, ಕೇಳಿದ್ಯಾ ಆಸ್ಪತ್ರೆಯವ್ರನ್ನ?"

"ಕೇಳ್ದೆ. ಹೊಂದಿಸ್ಕೊಟ್ರು. ತಗಡಿನ ಡಬ್ಬ ಹೋಗಿ ಪ್ಲಾಸ್ಟಿಕ್ ಡಬ್ಬ ಆಯ್ತು."

ವೀವಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನಿಗೆ ತುಟಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಪೆಂತ್ತಿ ಇನ್ಮೇಲೆ ಬರಲ್ವಂತೆ. ನನ್ ಜಾಗಕ್ಕೆ ಬೇರೆ ಯಾರನ್ನಾದ್ರೂ ಸೇರಿಸ್ಕೊಳ್ಳಿ ಅಂತ ಅನ್ನೇಲಿಗೆ ಹೇಳಿದಾನೆ."

ಸೀರಿ ಅಷ್ಟರಲ್ಲಿ ಅಳಲು ಶುರುಮಾಡಿದ್ದಳು. ಯಂತ್ರದ ಮೂಲಕ ಆ ಅಳು ಚಾಕುವಿನಂತೆ ಒಳಗೆ ಬಂತು. ರೇಯೊ ಯಂತ್ರ ಆರಿಸದೆ ನಿಂತೇ ಇದ್ದ, ತಾಯಿ ಮಗು ಹೊರಗೆ ಹೋಗುವ ತನಕ. ಆಮೇಲೆ ಮನೆಗೆ ಹೋಗುವ ಬಸ್ಸನ್ನು ಬಿಟ್ಟು ಎದುರಿನ ಬಸ್ಸು ಹತ್ತಿದ.

ಪೆಂತ್ತಿ ತನ್ನ ಕಟ್ಟಡದ ಹಿಂದಿನ ಅಂಗಳದಲ್ಲಿ ಕಾರಿನ ಚಕ್ರ ಬದಲಿಸುತ್ತಿದ್ದ. ಹಿಮ ಬೀಳುವ ಮುಂಚೆ ಜಾರದಂತೆ ಮೊಳೆಯಿರುವ ಚಳಿಗಾಲದ ಚಕ್ರ ಹಾಕಬೇಕು, ಎಲ್ಲರಿಗಿಂತ ತಡವಾಗಿ ಹಾಕುವವನು ಅವನು. ರೇಯೊನನ್ನು ಕಂಡು ಒಮ್ಮೆ ತಲೆ ಎತ್ತಿ ಮತ್ತೆ ಬಗ್ಗಿದ.

"ಏನ್ ಬೇಕು? ನಿದ್ದೆ ಬರ್ಲಿಲ್ವಾ ಮನೇಲಿ?"

ರೇಯೊ ಟೋಪಿ ತೆಗೆದ. ಚಳಿಗೆ ಬೋಳು ನೆತ್ತಿ ಬಿಗಿಯಿತು. ಎಡಗಿವಿಯ ಯಂತ್ರ ತೆಗೆದು ಅಂಗೈ ಮೇಲಿಟ್ಟು ಚಾಚಿದ. ಪೆಂತ್ತಿ ಅದನ್ನು ನೋಡಿದ. ಕೈಯಲ್ಲಿದ್ದ ಪಾನಾವನ್ನು ನೆಲದ ಮೇಲಿಟ್ಟು ಎದ್ದು ನಿಂತು ಮತ್ತೆ ನೋಡಿದ.

"ಎರಡೂ?"

"ಎರಡೂ."

"ಯಾವಾಗಿಂದ?"

"ಮಿಷನ್ನು ಬಂದು ಒಂದ್ ವರ್ಷದ ಮೇಲಾಯ್ತು. ಕಿವಿ ಹೋಗಿ ಅದಕ್ಕೂ ಮುಂಚೆ. ಹೆಂಗಸು ಹಾಡಿದ್ದು ನಂಗೆ ಕೇಳ್ಲೇ ಇಲ್ಲ ಪೆಂತ್ತಿ. ನಿದ್ದೆ ಇಲ್ಲ ಏನಿಲ್ಲ. ನಾನ್ ಕೇಳಿದ್ದು ನನ್ ತಲೇಲಿರೋ ಹಳೇದನ್ನ."

ಪೆಂತ್ತಿ ಸಿಟ್ಟಾದ. ಇಂಥ ಸಿಟ್ಟನ್ನು ರೇಯೊ ನಿರೀಕ್ಷಿಸಿರಲಿಲ್ಲ. "ಕಾರ್ಖಾನೇಲಿ ಅಷ್ಟ್ ವರ್ಷ ನಿನ್ ಹೆಗ್ಲು ತಟ್ಟಿ ತಟ್ಟಿ ನನ್ ಕೈಯೇ ಬಿದ್ದೋಯ್ತು! ಹಾಕ್ಕೋ ಹಾಕ್ಕೋ ಅಂತ. ನಾಲ್ಗೆ ತೋರಿಸ್ತಿದ್ದೆ ನೀನು, ಕತ್ತೆ!"

"ಹೂಂ, ತೋರಿಸ್ತಿದ್ದೆ."

"ಕತ್ತೆ," ಎಂದ ಪೆಂತ್ತಿ ಇನ್ನೊಮ್ಮೆ, ಈ ಸಲ ಮೆಲ್ಲಗೆ. ರೇಯೊನಿಗೆ ಕೇಳಲಿಲ್ಲ, ತುಟಿ ನೋಡಿ ತಿಳಿದುಕೊಂಡ. ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿದ.

ಪೆಂತ್ತಿ ಪಾನಾ ಎತ್ತಿಕೊಂಡು ಬೋಲ್ಟಿಗೆ ಹಚ್ಚಿದ. ರೇಯೊ ಹೇಳದೆಯೇ ಬಗ್ಗಿ ಚಕ್ರ ಹಿಡಿದುಕೊಂಡ. ರಬ್ಬರು ಮಂಜುಗಡ್ಡೆಯಂತೆ ತಣ್ಣಗಿತ್ತು.

"ಹ್ಯಾಗಿದೆ ಅದು?" ಎಂದು ಕೇಳಿದ.

"ಯಾವ್ದು?"

"ಹೆಂಗಸಿಂದು."

"ಹ್ಯಾಗಿದೆ ಅಂದ್ರೆ... ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಏನೋ? ಕೊಳಲಿನ ಥರಾನೇ ಏರುತ್ತಾ? ಆ ಮೇಲಿನ ಜಾಗದಲ್ಲಿ ನಿಲ್ಲುತ್ತಾ?"

"ನಿಲ್ಲಲ್ಲ. ಅಲ್ಲಿಗೆ ಹೋಗೋದೇ ಇಲ್ಲ. ಹೋಗ್ತೀನಿ ಹೋಗ್ತೀನಿ ಅಂತ ಹೋಗಿ, ಕೊನೇಲಿ ಬೇಡ ಅಂತ ಪಕ್ಕಕ್ಕೆ ತಿರುಗುತ್ತೆ." ಪೆಂತ್ತಿ ಪಾನಾದಿಂದ ಗಾಳಿಯಲ್ಲಿ ಒಂದು ಗೆರೆ ಎಳೆದ. ಅದು ಮೇಲೆ ಹೋಗಿ ಎಡಕ್ಕೆ ಸೊಟ್ಟಗೆ ತಿರುಗಿ ಕಾರಿನ ಕನ್ನಡಿಗೆ ತಾಗುವುದರಲ್ಲಿತ್ತು.

"ಹಾಗಂದ್ರೆ ಏನೂ ಅರ್ಥ ಆಗಲ್ಲ."

"ಹಾಡು ಅಂತೀಯಾ ನನ್ನ?"

"ನಾನ್ ಹಾಗನ್ಲಿಲ್ಲ."

ಪೆಂತ್ತಿ ಸುತ್ತ ಕಿಟಕಿಗಳನ್ನು ನೋಡಿದ. ಎರಡನೆಯ ಮಹಡಿಯಲ್ಲಿ ಒಬ್ಬ ಮುದುಕಿ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ಗಂಟಲು ಸರಿಮಾಡಿಕೊಂಡು, ಕಾರಿನ ಮೇಲೆ ಒಂದು ಕೈಯೂರಿ, ಅವನು ಆ ಹೆಂಗಸಿನ ರಾಗವನ್ನು ಹಾಡಿದ. ಸಾಣೆ ಹಿಡಿಯದ ಕೊಡಲಿಯಂಥ ದನಿ. ಅವಳ ಎತ್ತರಕ್ಕೆ ಅವನ ಅಪ್ಪನಾಣೆಗೂ ಏರಲಾರದೆ ಪಾತಾಳದಿಂದ ಹಿಡಿದಿದ್ದ. ಆ ತಗ್ಗಿನ ದನಿ ರೇಯೊನಿಗೆ ತಗಡಾಗದೆ, ಡಬ್ಬವಾಗದೆ, ಪೂರ್ತಿಯಾಗಿ ಕೇಳಿತು. ಆಮೇಲೆ ನೆನಪಾದವನಂತೆ ಎರಡೂ ಯಂತ್ರ ಆರಿಸಿದ. ಆಗಲೂ ಕೇಳುತ್ತಿತ್ತು. ರಾಗ ಏರುತ್ತ ಬಂತು, ಕೊಳಲು ನಿಂತು ಹೊಳೆಯುತ್ತಿದ್ದ ಆ ಜಾಗದ ಹತ್ತಿರ ಬಂತು. ರೇಯೊ ಚಕ್ರ ಬಿಟ್ಟು ನೆಟ್ಟಗಾದ. ರಾಗ ಅಲ್ಲಿಗೆ ಹೋಗಲಿಲ್ಲ. ಪಕ್ಕಕ್ಕೆ ತಿರುಗಿ, ತಾನು ಬಂದದ್ದೇ ತಪ್ಪಾಯಿತೆನ್ನುವ ಹಾಗೆ ತಗ್ಗಿ ನಿಂತಿತು.

ಅವನು ಎಷ್ಟೋ ತಿಂಗಳಿಂದ ಹೊಸದೆನ್ನುವುದನ್ನು ಕೇಳಿರಲಿಲ್ಲ. ಅದು ಅವನಿಗೆ ಈಗ ಗೊತ್ತಾಯಿತು.

ಪೆಂತ್ತಿ ಮೂಗೊರೆಸಿಕೊಂಡು ಕಾದ. ಎಂದಿನ ಹಾಗೆಯೇ, ಕೊನೆಯ ಮಾತು ರೇಯೊನದೆಂದು ಕಾದ. ರೇಯೊ ಯಂತ್ರ ಮತ್ತೆ ಚಾಲೂ ಮಾಡಿ ಬಹಳ ಹೊತ್ತು ಯೋಚಿಸಿದ.

"ಕೊಳಲೇ ವಾಸಿ," ಎಂದ.

"ಏನಂದೆ?"

"ಕೊಳಲೇ ವಾಸಿ ಕಣೋ. ಸಿನಿಮಾದವ್ರು ಮಾಡಿದ್ದೇ ಸರಿ. ಅಷ್ಟು ಹೊತ್ತು ಕತ್ಲಲ್ಲಿ ಮೆಟ್ಲು ಹತ್ತಿಸಿ, ಕೊನೇಲಿ ದೀಪಾನೇ ಹಚ್ದೆ ಇದ್ರೆ ಹ್ಯಾಗೆ?"

"ದೀಪ ಹಚ್ಚೋದಲ್ಲ ಅಲ್ಲಿರೋದು! ಅವ್ನ ಹೆಂಡ್ತಿ ದೋಣಿ..."

"ಕಥೆ ಹೇಳ್ಬೇಡ!"

"ವಸಂತದಿಂದ ಕಾದು, ಅಂಚೆ ಕಚೇರಿಗೆ ಮೂರ್ಸಲ ಅಲೆದು ತರಿಸಿದೀನಿ, ಕೊಳಲೇ ವಾಸಿಯಂತೆ! ಅದಕ್ಕಿಂತ ನೀನು ನಿದ್ದೆ ಮಾಡಿದ್ರೇ ಚೆನ್ನಾಗಿತ್ತು." ಪೆಂತ್ತಿ ಬೋಲ್ಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ. "ನಾನ್ ಹಾಡಿದ್ದು ಸರಿ ಇಲ್ಲ, ಅದಕ್ಕೇ ನಿಂಗೆ ಹಾಗನ್ಸಿರೋದು."

"ಇರ್ಬೋದು. ನಿಂಗೆ ಉಸಿರೇ ಸಾಲಲ್ಲ. ಇನ್ನೊಂದ್ಸಲ ಹಾಡು, ನಿಧಾನಕ್ಕೆ."

ಮೇಲಿನ ಮುದುಕಿ ಕಿಟಕಿ ತೆರೆದು, ಯಾರಿಗಾದರೂ ಪೆಟ್ಟಾಯಿತೇ ಎಂದು ಕೂಗಿ ಕೇಳಿದಳು.

ಈಗ ಗುರುವಾರಗಳಂದು ಪೆಂತ್ತಿ ರೇಯೊನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾನೆ. ಸಂಗೀತದ ಮೇಲಿನ ಮಹಡಿಯಲ್ಲಿ ಏನೇನು ನಡೆಯುತ್ತಿದೆಯೋ ಅದನ್ನು ತನ್ನ ಕೆಳದನಿಗೆ ಇಳಿಸಿ ಅವನ ಕಿವಿಯ ಹತ್ತಿರ ಗುನುಗುತ್ತಾನೆ. ಎಲ್ಲವನ್ನೂ ಇಳಿಸಲಾಗುವುದಿಲ್ಲ. ಪಿಟೀಲುಗಳು ಒಟ್ಟಿಗೆ ಹರಿದಾಡುವಲ್ಲಿ ಅವನು ಕೈಚೆಲ್ಲಿ, "ಇಲ್ಲಿ ತುಂಬಾ ಜನ ಇದಾರೆ," ಎಂದುಬಿಡುತ್ತಾನೆ. ಪಿಟಕ್ಕೆನ್ನಬಾರದೆಂಬ ನಿಯಮ ಮುರಿದುಬಿದ್ದಿದೆ. ಅನ್ನೇಲಿಗೆ ಅದರಿಂದ ಕಿರಿಕಿರಿ. ನನ್ನ ಸಂಗೀತಕ್ಕೆ ಎಮ್ಮೆ ದನಿ ಸೇರಿಸುತ್ತೀರಿ ಎಂದು ಇಬ್ಬರನ್ನೂ ಕಿಟಕಿಯ ಮೂಲೆಗೆ ಅಟ್ಟಿದ್ದಾಳೆ. ಕೆಲವು ಗುರುವಾರ ರೇಯೊ ಬರುವುದೇ ಇಲ್ಲ, ಅಷ್ಟು ದಣಿದಿರುತ್ತಾನೆ. ಅಂಥ ದಿನ ಸಿರ್ಕ ಅವನಿಗೆ ಹೊದಿಸಿ ದೀಪ ಆರಿಸಿ ಒಳಗೆ ಹೋಗುತ್ತಾಳೆ. ಪೆಂತ್ತಿ ಮಾರನೆಯ ದಿನ ಮನೆಗೇ ಬಂದು, ಕೋಟು ಬಿಚ್ಚುವ ಮೊದಲೇ ಕೇಳುತ್ತಾನೆ, "ನಿನ್ನೆ ವೀವಿ ಒಂದ್ ತಂದಿದ್ಲು, ಹಾಡ್ಲಾ?" ರೇಯೊ ಸೋಫಾದ ಮೇಲೆ ಕಾಲು ಮಡಚಿಕೊಂಡು ಅವನಿಗೆ ಜಾಗ ಬಿಡುತ್ತಾನೆ.